ಕ್ಲಬ್ ಯಾರ ಕೈಯಲ್ಲಿದೆ ಎಂಬುದನ್ನೂ ಬರೆಯಿರಿ

ಸಂಪಾದಕರಿಗೆ,

ಮಾನ್ಯರೇ,

ಯುರೋಪಿನ ಫುಟ್‌ಬಾಲ್ ಕ್ಲಬ್ಬೊಂದು ಮಾರಾಟವಾದಾಗ ನಮ್ಮ ಕ್ರೀಡಾ ಪುಟಗಳಲ್ಲಿ ಬೆಲೆ ಬರುತ್ತದೆ, ಕೊಂಡವರ ಹೆಸರು ಬರುತ್ತದೆ, ಮುಂದೆ ಯಾವ ದೊಡ್ಡ ಆಟಗಾರ ಬರಬಹುದು ಎಂಬ ಊಹೆ ಬರುತ್ತದೆ. ಆ ದುಡ್ಡು ಎಲ್ಲಿಂದ ಬಂತು, ಕ್ಲಬ್ಬಿನಲ್ಲಿ ಕೊನೆಯ ಮಾತು ಯಾರದು, ನಾಳೆ ಆತ ದಾರಿ ತಪ್ಪಿದರೆ ಹೊರಗೆ ಕಳಿಸುವ ಅಧಿಕಾರ ಯಾರಿಗಿದೆ ಎನ್ನುವುದು ಮಾತ್ರ ಬರುವುದಿಲ್ಲ. ಬೆಂಗಳೂರು, ಮಂಗಳೂರುಗಳಲ್ಲಿ ವಾರಾಂತ್ಯದ ರಾತ್ರಿ ಇಂಗ್ಲೆಂಡಿನ ಪ್ರೀಮಿಯರ್ ಲೀಗ್ ನೋಡಲು ಕೂರುವ ಹುಡುಗರಿಗೆ ಈ ಮೂರು ಸಂಗತಿ ಗೊತ್ತಾಗಬೇಕು ಎಂಬ ಕಾಳಜಿಯಿಂದ ಈ ದೀರ್ಘ ಪತ್ರ.

ಮೊದಲಿಗೇ ಒಂದು ಮಾತು. ಮಾಲೀಕ ವಿದೇಶಿ ಎನ್ನುವುದೇ ದೋಷವಲ್ಲ. 1885ರಲ್ಲಿ ಹುಟ್ಟಿದ ಬರಿ ಎಫ್‌ಸಿಯನ್ನು 2018ರ ಡಿಸೆಂಬರ್‌ನಲ್ಲಿ ಒಂದು ಪೌಂಡಿಗೆ ಕೊಂಡವರು ಇಂಗ್ಲೆಂಡಿನವರೇ. 2019ರ ಆಗಸ್ಟ್‌ನಲ್ಲಿ ಆ ಕ್ಲಬ್ ಲೀಗಿನಿಂದಲೇ ಉಚ್ಚಾಟನೆಗೊಂಡಿತು. ಅತ್ತ ಪೋರ್ಟ್ಸ್‌ಮತ್‌ನಲ್ಲಿ ಅಭಿಮಾನಿಗಳೇ ಮತ ಹಾಕಿ 2017ರಲ್ಲಿ ಅಮೆರಿಕದ ಮೈಕೆಲ್ ಐಸ್ನರ್ ಅವರಿಗೆ ಕ್ಲಬ್ ಒಪ್ಪಿಸಿದರು. ಪಾಸ್‌ಪೋರ್ಟಿನ ಬಣ್ಣ ನೋಡಿ ತೀರ್ಪು ಕೊಟ್ಟರೆ ಈ ಎರಡನ್ನೂ ತಪ್ಪಾಗಿ ಓದಿದಂತೆ. ಸೌದಿ ಅರೇಬಿಯಾ, ಕತಾರ್, ಅಬುಧಾಬಿಗಳ ಒಡೆತನದ ಬಗ್ಗೆ ಮುಂದೆ ಹೇಳುವುದೆಲ್ಲ ಆ ಸರ್ಕಾರಗಳನ್ನು ಕುರಿತದ್ದು. ನಮ್ಮ ಕರಾವಳಿಯ ಎಷ್ಟೋ ಮನೆಗಳ ಮಕ್ಕಳು ದುಡಿಯುತ್ತಿರುವ ಆ ನಾಡುಗಳ ಜನರನ್ನಾಗಲಿ, ಅವರ ಧರ್ಮವನ್ನಾಗಲಿ ಕುರಿತದ್ದಲ್ಲ.

ಇಡೀ ವಿವಾದ ತಿಳಿಯಲು ನ್ಯೂಕಾಸಲ್ ಯುನೈಟೆಡ್ ಒಂದೇ ಸಾಕು. 2007ರಿಂದ ಮಾಲೀಕರಾಗಿದ್ದ ಮೈಕ್ ಆ್ಯಶ್ಲಿ ಅವರಿಂದ ಅಭಿಮಾನಿಗಳು ಬೇಸತ್ತಿದ್ದರು. ತಮ್ಮ ಅಂಗಡಿಯ ಜಾಹೀರಾತಿಗೆ ಕ್ರೀಡಾಂಗಣ, ತಂಡಕ್ಕೆ ಕನಿಷ್ಠ ಖರ್ಚು, ಎರಡು ಬಾರಿ ಕೆಳಗಿನ ಲೀಗಿಗೆ ಇಳಿಕೆ. 2020ರ ಏಪ್ರಿಲ್‌ನಲ್ಲಿ ಸೌದಿ ಅರೇಬಿಯಾದ ಸಾರ್ವಜನಿಕ ಹೂಡಿಕೆ ನಿಧಿ, ಅಂದರೆ ಪಿಐಎಫ್, ಕ್ಲಬ್ಬಿನ ಶೇ 80ರಷ್ಟು ಪಾಲು ಕೊಳ್ಳಲು ಮುಂದೆ ಬಂತು. ಉಳಿದ ಶೇ 20ನ್ನು ಅಮಾಂಡಾ ಸ್ಟೇವ್ಲಿ ಅವರ ಕಂಪನಿ ಮತ್ತು ರೂಬೆನ್ ಸಹೋದರರು ಸಮನಾಗಿ ಹಂಚಿಕೊಳ್ಳುವ ಏರ್ಪಾಡು.

ಕ್ಲಬ್ ಮಾರಾಟ ಹೀಗೆ ನಡೆಯುತ್ತದೆ: ಮಾರುವವರು, ಕೊಳ್ಳುವವರು ಒಪ್ಪಂದಕ್ಕೆ ಬಂದ ಮೇಲೆ, ಯಾರ ಹಿಂದೆ ಯಾರಿದ್ದಾರೆ ಎಂಬ ಒಡೆತನದ ನಕ್ಷೆ, ಹಣದ ಮೂಲದ ಪುರಾವೆ, ಮುಂದಿನ ವರ್ಷಗಳ ವ್ಯವಹಾರ ಯೋಜನೆ, ಕ್ಲಬ್ಬಿನ ಮೇಲೆ ಹಿಡಿತ ಹೊಂದುವ ಪ್ರತಿಯೊಬ್ಬರ ಘೋಷಣಾ ಪತ್ರ ಪ್ರೀಮಿಯರ್ ಲೀಗಿಗೆ ಹೋಗಬೇಕು. ಲೀಗಿನ ಆಡಳಿತ ಮಂಡಳಿ ಇವನ್ನು ‘ಮಾಲೀಕರ ಮತ್ತು ನಿರ್ದೇಶಕರ ಪರೀಕ್ಷೆ’ಗೆ ಒಡ್ಡುತ್ತದೆ. ವಂಚನೆಯಲ್ಲಿ ಶಿಕ್ಷೆಯಾಗಿದೆಯೇ, ಹಿಂದೆ ಕ್ಲಬ್ಬುಗಳನ್ನು ದಿವಾಳಿ ಎಬ್ಬಿಸಿದ್ದಾರೆಯೇ, ಬೇರೆ ಕ್ರೀಡಾ ಸಂಸ್ಥೆ ನಿಷೇಧಿಸಿದೆಯೇ, ಸುಳ್ಳು ಮಾಹಿತಿ ಕೊಟ್ಟಿದ್ದಾರೆಯೇ ಎಂದು ನೋಡುತ್ತಾರೆ. ಹೆಚ್ಚಿನವರು ಗಮನಿಸದ ನಿಯಮ ಇನ್ನೊಂದಿದೆ. ಬ್ರಿಟನ್ನಿನಲ್ಲಿ ಅಪರಾಧ ಎನಿಸುವ ಕೆಲಸವನ್ನು ಹೊರದೇಶದಲ್ಲಿ ಮಾಡಿದ್ದರೆ, ಅಲ್ಲಿ ಶಿಕ್ಷೆಯಾಗದಿದ್ದರೂ, ಮಂಡಳಿ ಅರ್ಜಿಯನ್ನು ತಳ್ಳಿಹಾಕಬಹುದು.

ನ್ಯೂಕಾಸಲ್ ಅರ್ಜಿ ಸಿಕ್ಕಿಕೊಂಡದ್ದು ಇಂಥ ಜಾಗದಲ್ಲಿಯೇ. ಕತಾರಿನ ಬಿಇನ್ ಸ್ಪೋರ್ಟ್ಸ್ ಪ್ರೀಮಿಯರ್ ಲೀಗಿನ ಪ್ರಸಾರ ಹಕ್ಕಿಗೆ ಭಾರಿ ಹಣ ತೆತ್ತಿತ್ತು. ಅದರ ಪ್ರಸಾರವನ್ನು ಬಿಔಟ್‌ಕ್ಯೂ ಎಂಬ ಚಾನೆಲ್ ಕದ್ದು ಬಿತ್ತರಿಸುತ್ತಿತ್ತು. ಈ ಕಳ್ಳತನದ ವಿರುದ್ಧ ಕ್ರಮ ಕೈಗೊಳ್ಳಲು ಸೌದಿ ಅರೇಬಿಯಾ ವಿಫಲವಾಗಿದೆ ಎಂದು ವಿಶ್ವ ವ್ಯಾಪಾರ ಸಂಸ್ಥೆಯ ಸಮಿತಿ 2020ರ ಜೂನ್‌ನಲ್ಲಿ ಹೇಳಿತು. ಪಿಐಎಫ್‌ನ ಅಧ್ಯಕ್ಷರು ಸೌದಿ ಯುವರಾಜ ಮೊಹಮ್ಮದ್ ಬಿನ್ ಸಲ್ಮಾನ್. ಹಾಗಾಗಿ ನಿಧಿಯ ಮೂಲಕ ಕ್ಲಬ್ಬನ್ನು ನಿಯಂತ್ರಿಸುವುದು ಸೌದಿ ಸರ್ಕಾರವೇ, ಆ ಸರ್ಕಾರವೂ ಪರೀಕ್ಷೆಗೆ ಒಳಗಾಗಬೇಕು ಎಂದು ಲೀಗ್ ಕೇಳಿತು. ಕೊಳ್ಳುವವರು ಒಪ್ಪಲಿಲ್ಲ. ಮಧ್ಯಸ್ಥಿಕೆಗೆ ಹೋಗೋಣ ಎಂಬ ಲೀಗಿನ ಸಲಹೆಗೂ ಒಪ್ಪದೆ 2020ರ ಜುಲೈ 30ರಂದು ಹಿಂದೆ ಸರಿದರು.

ಇದರ ನಡುವೆ ನಡೆದಿದ್ದ ಇನ್ನೊಂದು ಸಂಗತಿ 2021ರ ಏಪ್ರಿಲ್‌ನಲ್ಲಿ ಹೊರಬಿತ್ತು. ಲೀಗಿನ ನಿಲುವು ಸರಿಪಡಿಸದಿದ್ದರೆ ಎರಡು ದೇಶಗಳ ಸಂಬಂಧಕ್ಕೆ ಪೆಟ್ಟು ಬೀಳುತ್ತದೆ ಎಂದು ಯುವರಾಜರೇ ಬ್ರಿಟನ್ ಪ್ರಧಾನಿ ಬೋರಿಸ್ ಜಾನ್ಸನ್ ಅವರಿಗೆ ಸಂದೇಶ ಕಳಿಸಿದ್ದರು. ಕ್ಲಬ್ಬಿಗೂ ಸರ್ಕಾರಕ್ಕೂ ಸಂಬಂಧವಿಲ್ಲ ಎಂದ ಮೇಲೆ ಒಂದು ದೇಶದ ಯುವರಾಜರು ಇನ್ನೊಂದು ದೇಶದ ಪ್ರಧಾನಿಗೆ ಬರೆಯುವ ಅಗತ್ಯ ಏನಿತ್ತು? 2021ರ ಅಕ್ಟೋಬರ್ 6ರಂದು ತನ್ನ ದೇಶದಲ್ಲಿ ಬಿಇನ್ ಮೇಲೆ ಹೇರಿದ್ದ ನಿಷೇಧವನ್ನು ಸೌದಿ ತೆಗೆಯಲಿದೆ ಎಂಬ ಸುದ್ದಿ ಬಂತು. ಮರುದಿನವೇ 30.5 ಕೋಟಿ ಪೌಂಡ್‌ಗೆ ಮಾರಾಟ ಮುಗಿಯಿತು. ಸೌದಿ ಸರ್ಕಾರ ಕ್ಲಬ್ಬನ್ನು ನಿಯಂತ್ರಿಸುವುದಿಲ್ಲ ಎಂಬ ‘ಕಾನೂನುಬದ್ಧ ಭರವಸೆ’ ಸಿಕ್ಕಿದೆ ಎಂದು ಲೀಗ್ ಹೇಳಿಕೆ ಕೊಟ್ಟಿತು. ಆ ಭರವಸೆಯ ಪಠ್ಯವನ್ನು ಸಾರ್ವಜನಿಕರ ಮುಂದೆ ಇಡಲಿಲ್ಲ.

ಆ ಮಾತಿನ ಬೆಲೆ 2023ರಲ್ಲಿ ಗೊತ್ತಾಯಿತು. ಅಮೆರಿಕದ ನ್ಯಾಯಾಲಯದಲ್ಲಿ ಪಿಐಎಫ್ ಹಣದಲ್ಲಿ ಹುಟ್ಟಿದ ಲಿವ್ ಗಾಲ್ಫ್ ಟೂರ್ನಿಯ ಮೊಕದ್ದಮೆ ನಡೆಯುತ್ತಿತ್ತು. ದಾಖಲೆ ಒಪ್ಪಿಸಿ, ಸಾಕ್ಷ್ಯ ನುಡಿಯಿರಿ ಎಂದಾಗ ಪಿಐಎಫ್ ಪರ ವಕೀಲರು, ಪಿಐಎಫ್ ಸೌದಿ ಸಾಮ್ರಾಜ್ಯದ ಅಂಗ, ಅದರ ಗವರ್ನರ್ ಯಾಸಿರ್ ಅಲ್ ರುಮಯ್ಯಾನ್ ಅಧಿಕಾರದಲ್ಲಿರುವ ಸಚಿವ, ಆದ್ದರಿಂದ ಸಾರ್ವಭೌಮ ವಿನಾಯಿತಿ ಇದೆ ಎಂದು ವಾದಿಸಿದರು. ಅದೇ ಅಲ್ ರುಮಯ್ಯಾನ್ ನ್ಯೂಕಾಸಲ್ ಕ್ಲಬ್ಬಿನ ಅಧ್ಯಕ್ಷರು. ಇಂಗ್ಲೆಂಡಿನಲ್ಲಿ ‘ಸರ್ಕಾರ ಬೇರೆ, ನಾವು ಬೇರೆ’. ಕ್ಯಾಲಿಫೋರ್ನಿಯಾದಲ್ಲಿ ‘ನಾವೇ ಸರ್ಕಾರ’. ಎರಡೂ ನಿಜವಾಗಲು ಸಾಧ್ಯವಿಲ್ಲ. ಭರವಸೆ ಮುರಿದರೆ ಮಾಲೀಕರನ್ನೇ ತೆಗೆಯಬಹುದು ಎಂದು 2021ರಲ್ಲಿ ಹೇಳಿದ್ದ ಲೀಗಿನ ಮುಖ್ಯ ಕಾರ್ಯನಿರ್ವಾಹಕ ರಿಚರ್ಡ್ ಮಾಸ್ಟರ್ಸ್, 2023ರ ಮಾರ್ಚ್‌ನಲ್ಲಿ ಸಂಸದೀಯ ಸಮಿತಿ ಕೇಳಿದಾಗ ಈ ಬಗ್ಗೆ ತನಿಖೆ ಇದೆಯೇ ಇಲ್ಲವೇ ಎಂದು ಹೇಳಲೂ ನಿರಾಕರಿಸಿದರು.

ಇಷ್ಟೆಲ್ಲ ಕಾನೂನಿನ ಸೂಕ್ಷ್ಮ ಯಾಕೆ ಮುಖ್ಯ? ಪತ್ರಕರ್ತ ಜಮಾಲ್ ಖಶೋಗಿ ಅವರನ್ನು 2018ರ ಅಕ್ಟೋಬರ್ 2ರಂದು ಇಸ್ತಾಂಬುಲ್‌ನ ಸೌದಿ ಕಾನ್ಸುಲೇಟ್ ಕಚೇರಿಯೊಳಗೆ ಕೊಂದರು. ಕಾರ್ಯಾಚರಣೆಗೆ ಯುವರಾಜರೇ ಒಪ್ಪಿಗೆ ಕೊಟ್ಟಿದ್ದರು ಎಂಬುದು 2021ರ ಫೆಬ್ರುವರಿಯಲ್ಲಿ ಅಮೆರಿಕ ಪ್ರಕಟಿಸಿದ ಗುಪ್ತಚರ ವರದಿಯ ತೀರ್ಮಾನ. ಯುವರಾಜರು ಇದನ್ನು ಅಲ್ಲಗಳೆಯುತ್ತಾರೆ. ಹಂತಕರನ್ನು ಹೊತ್ತು ಬಂದ ಎರಡು ಜೆಟ್ ವಿಮಾನಗಳು ಅದಕ್ಕೂ ಮೊದಲೇ ಪಿಐಎಫ್ ವಶಕ್ಕೆ ಬಂದಿದ್ದ ಕಂಪನಿಯವು ಎಂಬುದು ಕೆನಡಾದ ನ್ಯಾಯಾಲಯಕ್ಕೆ ಸಲ್ಲಿಕೆಯಾದ ದಾಖಲೆಗಳಿಂದ ಹೊರಬಿತ್ತು. ಮಾರಾಟ ತಡೆಯಿರಿ ಎಂದು ಖಶೋಗಿ ಅವರನ್ನು ಮದುವೆಯಾಗಬೇಕಿದ್ದ ಹತೀಜೆ ಚೆಂಗಿಜ್ ಲೀಗಿಗೆ ಮನವಿ ಮಾಡಿದರು. ಆಮ್ನೆಸ್ಟಿ ಇಂಟರ್‌ನ್ಯಾಷನಲ್ ಮಾನವ ಹಕ್ಕುಗಳನ್ನು ಪರೀಕ್ಷೆಗೆ ಸೇರಿಸಿ ಎಂದು ಕರಡನ್ನೇ ಕಳಿಸಿತು. ಅಂದಿನ ನಿಯಮಾವಳಿಯಲ್ಲಿ ಟಿವಿ ಪ್ರಸಾರ ಕದ್ದದ್ದು ತೊಡಕಾಯಿತು, ಕೊಲೆ ಆಗಲಿಲ್ಲ. ನಮ್ಮ ತಕರಾರಿನ ತಿರುಳು ಇದು.

2022ರ ಮಾರ್ಚ್ ತಿಂಗಳ ನಾಲ್ಕು ದಿನಗಳನ್ನು ನೋಡಿ. ಉಕ್ರೇನ್ ಮೇಲಿನ ದಾಳಿಯ ನಂತರ 10ರಂದು ಚೆಲ್ಸಿ ಮಾಲೀಕ, ರಷ್ಯಾದ ರೋಮನ್ ಅಬ್ರಮೋವಿಚ್ ಮೇಲೆ ಬ್ರಿಟನ್ ಆರ್ಥಿಕ ನಿರ್ಬಂಧ ಹೇರಿತು. 12ರಂದು ಸೌದಿ ಅರೇಬಿಯಾ ಒಂದೇ ದಿನ 81 ಮಂದಿಗೆ ಮರಣದಂಡನೆ ಜಾರಿ ಮಾಡಿತು. 13ರಂದು ಚೆಲ್ಸಿ ಮತ್ತು ನ್ಯೂಕಾಸಲ್ ಸ್ಟ್ಯಾಮ್‌ಫರ್ಡ್ ಬ್ರಿಜ್‌ನಲ್ಲಿ ಎದುರುಬದುರಾದವು. ಪಂದ್ಯದ ಬಳಿಕ ಮರಣದಂಡನೆಗಳ ಬಗ್ಗೆ ಕೇಳಿದಾಗ ನ್ಯೂಕಾಸಲ್ ಕೋಚ್ ಎಡ್ಡಿ ಹೌ ಪಂದ್ಯದ ವಿಷಯ ಬಿಟ್ಟು ಬೇರೇನೂ ಮಾತಾಡಲಿಲ್ಲ. ಒಬ್ಬ ಫುಟ್‌ಬಾಲ್ ಕೋಚ್ ಪರದೇಶದ ಮರಣದಂಡನೆಗೆ ಉತ್ತರ ಕೊಡಬೇಕಾದ ಸ್ಥಿತಿಯನ್ನು ತಂದಿಟ್ಟವರು ಮಾರಾಟಕ್ಕೆ ಸಹಿ ಹಾಕಿದವರು. ಬೈಗುಳ ಬಿದ್ದದ್ದು ಕೋಚ್ ಮೇಲೆ.

ಮಾಲೀಕನೊಬ್ಬನನ್ನು ದಿಢೀರನೆ ಕಿತ್ತಾಗ ಏನಾಗುತ್ತದೆ ಎಂಬುದನ್ನು ಚೆಲ್ಸಿ ತೋರಿಸಿತು. ಸರ್ಕಾರದ ವಿಶೇಷ ಪರವಾನಗಿಯ ಮೇಲೆ ಕ್ಲಬ್ ನಡೆಯಬೇಕಾಯಿತು. ಹೊಸ ಟಿಕೆಟ್ ಮಾರುವಂತಿಲ್ಲ, ಕ್ಲಬ್ ಅಂಗಡಿ ಬಂದ್, ಆಟಗಾರರ ಖರೀದಿ ಇಲ್ಲ, ಹೊಸ ಕರಾರು ಇಲ್ಲ. ಹೊರಊರಿನ ಪಂದ್ಯಕ್ಕೆ ಪ್ರಯಾಣ ವೆಚ್ಚ 20 ಸಾವಿರ ಪೌಂಡ್ ಮೀರಬಾರದು. ತವರಿನ ಪಂದ್ಯ ನಡೆಸಲು ಮೊದಲು 5 ಲಕ್ಷ, ಆಮೇಲೆ 9 ಲಕ್ಷ ಪೌಂಡ್ ಮಿತಿ. ಕ್ಲಬ್ ಅಬ್ರಮೋವಿಚ್ ಅವರಿಗೆ ಸುಮಾರು 150 ಕೋಟಿ ಪೌಂಡ್ ಸಾಲಗಾರನಾಗಿತ್ತು. ಹತ್ತೊಂಬತ್ತು ವರ್ಷ ಗೆದ್ದ ಕಪ್‌ಗಳ ಹಿಂದಿದ್ದದ್ದು ಮಾಲೀಕ ಯಾವತ್ತು ಬೇಕಾದರೂ ವಾಪಸು ಕೇಳಬಹುದಾದ ಸಾಲ. ಅದನ್ನು ಕೇಳುವುದಿಲ್ಲ ಎಂದು ಅವರು ಹೇಳಿದ್ದರಿಂದ ಕ್ಲಬ್ ಉಳಿಯಿತು. ಮೇ ತಿಂಗಳಲ್ಲಿ ಟಾಡ್ ಬೋಲಿ ಮತ್ತು ಕ್ಲಿಯರ್‌ಲೇಕ್ ಕೂಟಕ್ಕೆ 250 ಕೋಟಿ ಪೌಂಡ್‌ಗೆ ಮಾರಾಟವಾಯಿತು. ಯುದ್ಧ ಸಂತ್ರಸ್ತರಿಗೆ ಸಲ್ಲಬೇಕಾದ ಆ ಹಣ ಬ್ರಿಟನ್ನಿನ ಬ್ಯಾಂಕ್ ಖಾತೆಯಲ್ಲಿ ವರ್ಷಗಟ್ಟಲೆ ಸ್ತಬ್ಧವಾಗಿ ಕೂತಿತು. ನೊಂದು ನೆನೆಯಬೇಕಾದ ಸಂಗತಿ ಇನ್ನೊಂದಿದೆ: ಮಾರ್ಚ್ 5ರಂದು ಬರ್ನ್ಲಿಯಲ್ಲಿ ಉಕ್ರೇನ್ ಜನರಿಗಾಗಿ ಎಲ್ಲರೂ ಚಪ್ಪಾಳೆ ತಟ್ಟುತ್ತಿದ್ದಾಗ ಚೆಲ್ಸಿ ಅಭಿಮಾನಿಗಳ ಒಂದು ಗುಂಪು ಅಬ್ರಮೋವಿಚ್ ಹೆಸರು ಕೂಗಿತು. ಒಡೆತನ ಅಭಿಮಾನಿಯ ಮನಸ್ಸಿನೊಳಗೆ ಏನು ಮಾಡುತ್ತದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಸರ್ಕಾರವೇ ಮಾಲೀಕನಾದಾಗ ಲೆಕ್ಕದ ಪುಸ್ತಕದಲ್ಲಿ ಆಗುವ ಬದಲಾವಣೆ ಇನ್ನೂ ಸೂಕ್ಷ್ಮವಾದದ್ದು. ನ್ಯೂಕಾಸಲ್ ಕೈ ಬದಲಾದ ಹೊತ್ತಿನ ನಿಯಮದಂತೆ ಮೂರು ವರ್ಷಗಳಲ್ಲಿ ಕ್ಲಬ್ಬಿನ ನಷ್ಟ 10.5 ಕೋಟಿ ಪೌಂಡ್ ದಾಟುವಂತಿರಲಿಲ್ಲ. 10 ಕೋಟಿ ಪೌಂಡ್ ಕೊಟ್ಟು ಐದು ವರ್ಷದ ಕರಾರಿಗೆ ಆಟಗಾರನನ್ನು ತಂದರೆ ವರ್ಷಕ್ಕೆ 2 ಕೋಟಿಯಂತೆ ಲೆಕ್ಕಕ್ಕೆ ಬೀಳುತ್ತದೆ, ಸಂಬಳ ಬೇರೆ. ಮಾಲೀಕ ಜೇಬಿನಿಂದ ಎಷ್ಟು ಸುರಿದರೂ ಅದು ಆದಾಯ ಅಲ್ಲ, ಪ್ರಾಯೋಜಕತ್ವ ಆದಾಯ. ಹಾಗಾಗಿ ಒಂದೇ ಸರ್ಕಾರದ ಕೈಕೆಳಗಿನ ವಿಮಾನ ಕಂಪನಿಯೋ ಪ್ರವಾಸೋದ್ಯಮ ಇಲಾಖೆಯೋ ಅಂಗಿಯ ಮೇಲೆ ಹೆಸರು ಹಾಕಿಸಿಕೊಂಡು ಮಾರುಕಟ್ಟೆ ಬೆಲೆಗಿಂತ ಹೆಚ್ಚು ಕೊಟ್ಟರೆ ಮಾಲೀಕನ ದುಡ್ಡೇ ಆದಾಯದ ವೇಷದಲ್ಲಿ ಒಳಗೆ ಬರುತ್ತದೆ. ನ್ಯೂಕಾಸಲ್ ಮಾರಾಟದ ಮೂರು ತಿಂಗಳೊಳಗೇ ಉಳಿದ ಕ್ಲಬ್ಬುಗಳು ಸಂಬಂಧಿತ ಸಂಸ್ಥೆಗಳ ಒಪ್ಪಂದಗಳಿಗೆ ‘ನ್ಯಾಯಯುತ ಮಾರುಕಟ್ಟೆ ಬೆಲೆ’ ನಿಯಮ ತಂದದ್ದು ಈ ಭಯದಿಂದ. ಆ ನಿಯಮಕ್ಕೂ ತೂತಿತ್ತು. ಮಾಲೀಕರು ಬಡ್ಡಿಯಿಲ್ಲದೆ ಕೊಡುವ ಸಾಲವನ್ನು ಅದರಿಂದ ಹೊರಗಿಟ್ಟಿದ್ದರು. ಮ್ಯಾಂಚೆಸ್ಟರ್ ಸಿಟಿ ಹೂಡಿದ ದಾವೆಯಲ್ಲಿ 2024ರಲ್ಲಿ ನ್ಯಾಯಮಂಡಳಿ ಇದು ಕಾನೂನುಬಾಹಿರ ಎಂದಿತು. ಅದು ಸರಿಯಾದ ತೀರ್ಪೇ. ಗಲ್ಫ್ ಮಾಲೀಕರ ಬಾಗಿಲು ಮುಚ್ಚಿ ಉಳಿದವರ ಕಿಟಕಿ ತೆರೆದಿಡುವ ನಿಯಮ ನಿಲ್ಲುವುದಿಲ್ಲ.

ಸಿಟಿಯ ಬಗ್ಗೆ ಬರೆಯುವಾಗ ಎಚ್ಚರ ಬೇಕು. 2008ರಲ್ಲಿ ಅಬುಧಾಬಿ ರಾಜಮನೆತನದ ಶೇಖ್ ಮನ್ಸೂರ್ ಅದನ್ನು ಕೊಂಡದ್ದು ಥಾಯ್ಲೆಂಡಿನ ಮಾಜಿ ಪ್ರಧಾನಿ ತಕ್ಸಿನ್ ಶಿನವತ್ರ ಅವರಿಂದ. ತಕ್ಸಿನ್ ಅವರ ಮಾನವ ಹಕ್ಕು ದಾಖಲೆಯ ಬಗ್ಗೆ ಹ್ಯೂಮನ್ ರೈಟ್ಸ್ ವಾಚ್ 2007ರಲ್ಲೇ ಲೀಗಿಗೆ ಪತ್ರ ಬರೆದಿದ್ದರೂ ಆಗಿನ ಪರೀಕ್ಷೆಯಲ್ಲಿ ಅವರು ತೇರ್ಗಡೆಯಾಗಿದ್ದರು. ಪ್ರಾಯೋಜಕತ್ವದ ಲೆಕ್ಕದ ಆರೋಪದ ಮೇಲೆ ಯುರೋಪಿನ ಫುಟ್‌ಬಾಲ್ ಒಕ್ಕೂಟವಾದ ಯುಇಎಫ್‌ಎ 2020ರ ಫೆಬ್ರುವರಿಯಲ್ಲಿ ಸಿಟಿಗೆ ಯುರೋಪಿನ ಟೂರ್ನಿಗಳಿಂದ ಎರಡು ವರ್ಷ ನಿಷೇಧ ಹಾಕಿತು. ಜುಲೈನಲ್ಲಿ ಕ್ರೀಡಾ ನ್ಯಾಯಮಂಡಳಿ ಅದನ್ನು ರದ್ದುಪಡಿಸಿ, ದಂಡವನ್ನು 3 ಕೋಟಿ ಯೂರೋದಿಂದ 1 ಕೋಟಿಗೆ ಇಳಿಸಿತು. ಕೆಲವು ಆರೋಪಗಳಿಗೆ ಪುರಾವೆ ಸಾಲದು, ಕೆಲವಕ್ಕೆ ಕಾಲಮಿತಿ ಮೀರಿದೆ ಎಂದಿತು. 2023ರ ಫೆಬ್ರುವರಿಯಲ್ಲಿ ಪ್ರೀಮಿಯರ್ ಲೀಗ್ ನೂರಕ್ಕೂ ಹೆಚ್ಚು ಆರೋಪಗಳನ್ನು ಹೊರಿಸಿತು. ಕ್ಲಬ್ ಎಲ್ಲವನ್ನೂ ನಿರಾಕರಿಸಿದೆ. ಆರೋಪವನ್ನು ಆರೋಪ ಎಂದೇ ಬರೆಯಬೇಕು.

ಪಿಐಎಫ್ ಕೈಯಲ್ಲಿ ಇನ್ನೊಂದು ತೊಡಕೂ ಇದೆ. 2023ರ ಜೂನ್‌ನಲ್ಲಿ ಅದು ಸೌದಿಯ ಅಲ್ ಹಿಲಾಲ್, ಅಲ್ ನಸ್ರ್, ಅಲ್ ಇತ್ತಿಹಾದ್, ಅಲ್ ಅಹ್ಲಿ ಕ್ಲಬ್ಬುಗಳಲ್ಲಿ ಶೇ 75ರಷ್ಟು ಪಾಲು ತೆಗೆದುಕೊಂಡಿತು. ಮುಂದಿನ ತಿಂಗಳು ನ್ಯೂಕಾಸಲ್‌ನ ಅಲನ್ ಸೇಂಟ್ ಮ್ಯಾಕ್ಸಿಮಿನ್ ಅಲ್ ಅಹ್ಲಿಗೆ ಮಾರಾಟವಾದರು. ಮಾರಿದವರು, ಕೊಂಡವರು ಇಬ್ಬರ ಹಿಂದೆಯೂ ಒಂದೇ ನಿಧಿ. ಒಂದೇ ಮಾಲೀಕತ್ವದ ಕ್ಲಬ್ಬುಗಳ ನಡುವೆ ಆಟಗಾರರನ್ನು ಎರವಲು ಕೊಡುವುದನ್ನು ತಾತ್ಕಾಲಿಕವಾಗಿ ನಿಷೇಧಿಸೋಣ ಎಂದು ನವೆಂಬರ್‌ನಲ್ಲಿ ಪ್ರೀಮಿಯರ್ ಲೀಗ್ ಕ್ಲಬ್ಬುಗಳು ಮತ ಹಾಕಿದವು. 14 ಮತ ಬೇಕಿತ್ತು, 13 ಬಿದ್ದವು. ನಿಯಮ ಮಾಡುವವರೂ ಅದರಿಂದ ಲಾಭ ಪಡೆಯುವವರೂ ಅವರೇ ಆಗಿರುವುದರಿಂದ ಹೀಗಾಗುತ್ತದೆ.

ರಾಜಕೀಯದ ನಂಟಿಲ್ಲದ ಒಡೆತನವೂ ಊರಿನ ಕ್ಲಬ್ಬನ್ನು ಮುರಿಯಬಲ್ಲದು. ಅಮೆರಿಕದ ಗ್ಲೇಝರ್ ಕುಟುಂಬ 2005ರಲ್ಲಿ ಸುಮಾರು 79 ಕೋಟಿ ಪೌಂಡ್‌ಗೆ ಮ್ಯಾಂಚೆಸ್ಟರ್ ಯುನೈಟೆಡ್ ಕೊಂಡಾಗ ಬೆಲೆಯ ಬಹುಪಾಲು ಸಾಲದ್ದಾಗಿತ್ತು, ಅದರಲ್ಲೂ ದೊಡ್ಡ ಭಾಗವನ್ನು ಕ್ಲಬ್ಬಿನ ತಲೆಗೇ ಕಟ್ಟಲಾಯಿತು. ಸಾಲವೇ ಇಲ್ಲದಿದ್ದ ಕ್ಲಬ್ ತನ್ನನ್ನು ಕೊಂಡವರ ಸಾಲಕ್ಕೆ ಇಂದಿಗೂ ಬಡ್ಡಿ ಕಟ್ಟುತ್ತಿದೆ. ಪೋರ್ಟ್ಸ್‌ಮತ್ 2009-10ರ ಒಂದೇ ಸೀಸನ್ನಿನಲ್ಲಿ ನಾಲ್ವರು ಮಾಲೀಕರನ್ನು ಕಂಡಿತು. 2010ರ ಫೆಬ್ರುವರಿಯಲ್ಲಿ ದಿವಾಳಿ ಆಡಳಿತಕ್ಕೆ ಹೋದ ಮೊದಲ ಪ್ರೀಮಿಯರ್ ಲೀಗ್ ಕ್ಲಬ್ ಆಯಿತು, 9 ಅಂಕ ಕಳೆದುಕೊಂಡಿತು. ಇಂಥ ಹೊತ್ತಿನಲ್ಲಿ ಅಲ್ಲಿನ ನಿಯಮದ ಪ್ರಕಾರ ಆಟಗಾರರ ಮತ್ತು ಬೇರೆ ಕ್ಲಬ್ಬುಗಳ ಬಾಕಿ ಪೂರ್ತಿ ಸಲ್ಲಬೇಕು. ಊರಿನ ಸಣ್ಣ ವ್ಯಾಪಾರಿಗಳಿಗೆ, ಪಂದ್ಯದ ದಿನ ಪ್ರಥಮ ಚಿಕಿತ್ಸೆ ಕೊಡುವ ಸೇಂಟ್ ಜಾನ್ ಆಂಬುಲೆನ್ಸ್ ಸ್ವಯಂಸೇವಕರಿಗೆ ಸಿಗುವುದು ಚಿಲ್ಲರೆ. 2013ರಲ್ಲಿ ಸಾವಿರ ಪೌಂಡಿನ ಷೇರು ಕೊಂಡು ಅಭಿಮಾನಿಗಳೇ ಕ್ಲಬ್ ಉಳಿಸಿಕೊಂಡರು. ಐಸ್ನರ್ ಬಂದಾಗ ಮತ ಹಾಕುವ ಹಕ್ಕು ಅವರಿಗಿದ್ದದ್ದು ಹೀಗೆ.

ನಮ್ಮವರ ಕತೆಯನ್ನೂ ಮುಚ್ಚಿಡಬಾರದು. ಕೋಳಿ ಮತ್ತು ಮೊಟ್ಟೆ ವ್ಯಾಪಾರದಿಂದ ಕರ್ನಾಟಕದಲ್ಲೂ ಮನೆಮಾತಾಗಿರುವ ಪುಣೆಯ ವೆಂಕೀಸ್ 2010ರ ನವೆಂಬರ್‌ನಲ್ಲಿ 2.3 ಕೋಟಿ ಪೌಂಡ್‌ಗೆ ಬ್ಲ್ಯಾಕ್‌ಬರ್ನ್ ರೋವರ್ಸ್ ಕೊಂಡಿತು. ಮುಂದಿನ ತಿಂಗಳೇ ಅನುಭವಿ ಕೋಚ್ ಸ್ಯಾಮ್ ಅಲರ್ಡೈಸ್ ಅವರನ್ನು ತೆಗೆದರು. ಆಡಳಿತ ಬಲ್ಲ ಹಿರಿಯರು ಒಬ್ಬೊಬ್ಬರಾಗಿ ಹೊರನಡೆದರು. 2012ರ ಮೇ ತಿಂಗಳಲ್ಲಿ ತಂಡ ಕೆಳಗಿನ ಲೀಗಿಗೆ ಜಾರಿದ ಪಂದ್ಯದಲ್ಲಿ ಸಿಟ್ಟಿಗೆದ್ದವರು ಮೈದಾನಕ್ಕೆ ಜೀವಂತ ಕೋಳಿ ಬಿಟ್ಟರು. 2017ರಲ್ಲಿ ಮೂರನೇ ದರ್ಜೆಗೂ ಇಳಿಯಿತು. ಪ್ರೀಮಿಯರ್ ಲೀಗ್ ಗೆದ್ದ ಕ್ಲಬ್ಬೊಂದು ಅಷ್ಟು ಕೆಳಗೆ ಹೋದದ್ದು ಅದೇ ಮೊದಲು. ಮಾಲೀಕರು ಹಣ ಹಾಕಲಿಲ್ಲ ಎನ್ನುವಂತಿಲ್ಲ, ವರ್ಷವರ್ಷವೂ ಕೋಟಿಗಟ್ಟಲೆ ಪೌಂಡ್ ಕಳಿಸಿದ್ದಾರೆ. ಆದರೆ ಜಾರಿ ನಿರ್ದೇಶನಾಲಯದ ತನಿಖೆಯ ಕಾರಣ 2023ರಿಂದ ಆ ಹಣ ಕಳಿಸಲು ದೆಹಲಿ ಹೈಕೋರ್ಟಿನ ಅನುಮತಿ ಬೇಕಾಯಿತು. ಲ್ಯಾಂಕಾಷೈರಿನ ಊರೊಂದರ ಹುಡುಗರ ಸಂಬಳ ದೆಹಲಿಯ ಕೋರ್ಟ್ ದಿನಾಂಕಕ್ಕೆ ಕಾಯುವಂತಾಯಿತು. ಒಬ್ಬನೇ ಮಾಲೀಕನ ಪ್ರತಿ ವರ್ಷದ ಹಣದ ಮೇಲೆ ಕ್ಲಬ್ ನಿಂತರೆ, ಆ ಮಾಲೀಕನ ದೇಶದ ಕಾನೂನು, ಕರೆನ್ಸಿ, ರಾಜಕೀಯ ಎಲ್ಲವೂ ಕ್ಲಬ್ಬಿನ ಅಪಾಯಗಳೇ.

‘ಸೌದಿ ದುಡ್ಡು ಎಲ್ಲ ಕಡೆ ಇದೆ, ಫುಟ್‌ಬಾಲ್‌ಗೆ ಮಾತ್ರ ಯಾಕೆ ಮಡಿ’ ಎಂದು ಕೇಳುವವರಿದ್ದಾರೆ. ಇದು ಗಂಭೀರ ಪ್ರಶ್ನೆ. 2020ರ ಜೂನ್‌ನಲ್ಲಿ ಇದೇ ಪಿಐಎಫ್ ಜಿಯೋದಲ್ಲಿ 11,367 ಕೋಟಿ ರೂಪಾಯಿಗೆ ಶೇ 2.32ರಷ್ಟು ಪಾಲು ಕೊಂಡಿದೆ. ನಮ್ಮಲ್ಲಿ ಎಷ್ಟೋ ಜನ ಜಿಯೋ ಬಳಸುತ್ತೇವೆ. ಆದರೆ ಶೇ 2.32ರ ಪಾಲಿನಿಂದ ಕಂಪನಿಯ ಹಿಡಿತ ಸಿಗುವುದಿಲ್ಲ. ಬೇಡವೆನಿಸಿದರೆ ನಂಬರ್ ಪೋರ್ಟ್ ಮಾಡಿಸಬಹುದು. ಅಜ್ಜನ ಕಾಲದಿಂದ ಹಿಡಿದ ಕ್ಲಬ್ಬನ್ನು ಪೋರ್ಟ್ ಮಾಡಲಾಗದು. ಕೊಂಡವರು ಬೆಲೆ ಕೊಟ್ಟಿರುವುದು ಈ ಬಿಡಲಾಗದ ನಂಟಿಗೇ. ತಮ್ಮ ಹೆಸರನ್ನು ಟೀಕಿಸುವವರ ವಿರುದ್ಧ ಸಾವಿರಾರು ಕಿ.ಮೀ. ದೂರದ ಅಭಿಮಾನಿಗಳೇ ನಿಲ್ಲುತ್ತಾರೆ ಎಂಬುದು ಅವರಿಗೆ ಸಿಗುವ ಪ್ರತಿಫಲ. ಕ್ರೀಡೆಯ ಮೂಲಕ ಕಳಂಕ ತೊಳೆದುಕೊಳ್ಳುವುದು ಎಂದರೆ ಇದು. ನ್ಯೂಕಾಸಲ್ ಅಭಿಮಾನಿಗಳನ್ನೆಲ್ಲ ಒಂದೇ ತಕ್ಕಡಿಯಲ್ಲಿ ತೂಗಬಾರದು. ಮಾಲೀಕರ ವಿರುದ್ಧ ಅಲ್ಲಿಯೇ ಸಂಘ ಕಟ್ಟಿ ಕರಪತ್ರ ಹಂಚಿದವರೂ ಇದ್ದಾರೆ. 2025ರ ಮಾರ್ಚ್ 16ರಂದು ಲಿವರ್‌ಪೂಲನ್ನು 2-1ರಿಂದ ಸೋಲಿಸಿ ಎಪ್ಪತ್ತು ವರ್ಷಗಳ ಬಳಿಕ ದೇಶೀ ಕಪ್ ಎತ್ತಿದಾಗ ಅತ್ತವರ ಸಂತೋಷ ಸುಳ್ಳಲ್ಲ. ಆ ಸಂತೋಷಕ್ಕೂ ಆತ್ಮಸಾಕ್ಷಿಗೂ ನಡುವೆ ಆಯ್ಕೆ ಮಾಡು ಎಂದು ಅವರ ಮೇಲೆ ಹೊರೆ ಹೊರಿಸಿದವರು ನಿಯಮ ಮಾಡುವ ಜಾಗದಲ್ಲಿದ್ದವರು.

ನಿಯಮಗಳು ಸ್ವಲ್ಪ ಬಿಗಿಯಾಗಿವೆ. 2023ರ ಮಾರ್ಚ್‌ನಲ್ಲಿ ಪ್ರೀಮಿಯರ್ ಲೀಗ್ ಮಾನವ ಹಕ್ಕು ಉಲ್ಲಂಘನೆಯನ್ನು ಅನರ್ಹತೆಗೆ ಸೇರಿಸಿತು, ‘ಹಿಡಿತ’ ಎನ್ನಲು ಬೇಕಾದ ಪಾಲನ್ನು ಶೇ 30ರಿಂದ 25ಕ್ಕೆ ಇಳಿಸಿತು. ಆದರೆ ಉಲ್ಲಂಘನೆಯ ಅಳತೆಗೋಲು ಬ್ರಿಟನ್ ಸರ್ಕಾರದ 2020ರ ನಿರ್ಬಂಧ ನಿಯಮಾವಳಿ. ಖಶೋಗಿ ಕೊಲೆಗಾಗಿ ಅದರಡಿ 20 ಸೌದಿಗಳ ಹೆಸರು ಸೇರಿದೆ, ಯುವರಾಜರ ಹೆಸರಿಲ್ಲ. ಸೌದಿಗೆ ಯುದ್ಧವಿಮಾನ ಮಾರುವ ಸರ್ಕಾರದ ಪಟ್ಟಿ ನೋಡಿ ಲೀಗ್ ನೈತಿಕತೆ ನಿರ್ಧರಿಸಿದರೆ ಬಡ ದೇಶದ, ಸ್ನೇಹವಿಲ್ಲದ ದೇಶದ ಮಾಲೀಕನಷ್ಟೇ ಸಿಕ್ಕಿಬೀಳುತ್ತಾನೆ. 2025ರ ಜುಲೈ 21ರಂದು ರಾಜರ ಅಂಕಿತ ಪಡೆದ ಬ್ರಿಟನ್ನಿನ ಫುಟ್‌ಬಾಲ್ ಆಡಳಿತ ಕಾಯ್ದೆ ಮೇಲಿನ ಐದು ದರ್ಜೆಗಳ 116 ಕ್ಲಬ್ಬುಗಳಿಗೆ ಸ್ವತಂತ್ರ ನಿಯಂತ್ರಕರನ್ನು ತಂದಿದೆ. ಹಣದ ಮೂಲ ಗಂಭೀರ ಅಪರಾಧಕ್ಕೆ ತಗುಲಿದೆಯೇ ಎಂದು ಅವರು ಕೇಳಬಹುದು, ಅನರ್ಹನಾದವನನ್ನು ಹೊರಹಾಕಬಹುದು. ಕ್ಲಬ್ಬಿನ ಲಾಂಛನ, ತವರು ಅಂಗಿಯ ಬಣ್ಣ ಬದಲಿಸುವ ಮುನ್ನ ಅಭಿಮಾನಿಗಳನ್ನು ಕೇಳಲೇಬೇಕು. ಮಲೇಷ್ಯಾದ ವಿನ್ಸೆಂಟ್ ಟಾನ್ 2012ರಲ್ಲಿ ಕಾರ್ಡಿಫ್ ಸಿಟಿಯ ನೀಲಿ ಅಂಗಿಯನ್ನು ಕೆಂಪು ಮಾಡಿ, 2015ರಲ್ಲಿ ಮತ್ತೆ ನೀಲಿಗೆ ಮರಳಿದ್ದು ಮರೆಯುವಂಥದ್ದಲ್ಲ. ಹಿಂದಿನ ಸರ್ಕಾರದ ಕರಡಿನಲ್ಲಿ, ಮಾಲೀಕರನ್ನು ಪರಿಶೀಲಿಸುವಾಗ ವಿದೇಶಾಂಗ ಮತ್ತು ವ್ಯಾಪಾರ ನೀತಿಯನ್ನೂ ಗಮನದಲ್ಲಿಡಬೇಕೆಂಬ ಷರತ್ತು ಇತ್ತು. ಅದನ್ನು ಕೈಬಿಟ್ಟದ್ದು ದೊಡ್ಡ ಸಮಾಧಾನ. ಆದರೂ ಸರ್ಕಾರಗಳು ಕ್ಲಬ್ ಕೊಳ್ಳಬಾರದು ಎಂಬ ನಿಷೇಧ ಆ ಕಾಯ್ದೆಯಲ್ಲಿಲ್ಲ.

ಜರ್ಮನಿಯ ದಾರಿ ಬೇರೆ. ಅಲ್ಲಿ ಕ್ಲಬ್ಬಿನ ಶೇ 50ಕ್ಕಿಂತ ಒಂದು ಮತ ಹೆಚ್ಚು ಸದಸ್ಯರ ಕೈಯಲ್ಲಿರಬೇಕು. ಬಾಯರ್ ಲೆವರ್ಕುಸೆನ್, ವುಲ್ಫ್ಸ್‌ಬರ್ಗ್‌ನಂಥ ವಿನಾಯಿತಿಗಳಿವೆ, ಬೆರಳೆಣಿಕೆಯ ಸದಸ್ಯರನ್ನಿಟ್ಟುಕೊಂಡ ಲೈಪ್ಜಿಗ್‌ನಂಥ ಕಳ್ಳದಾರಿಯೂ ಇದೆ. ಬಯರ್ನ್ ಮ್ಯೂನಿಕ್ ಸದಸ್ಯರು ಕತಾರ್ ಏರ್‌ವೇಸ್ ಪ್ರಾಯೋಜಕತ್ವದ ವಿರುದ್ಧ 2021ರ ವಾರ್ಷಿಕ ಸಭೆಯಲ್ಲಿ ಗದ್ದಲವೆಬ್ಬಿಸಿದರು, 2023ರಲ್ಲಿ ಆ ಒಪ್ಪಂದ ಮುಗಿಯಿತು. ಅದೇ ಆಗಸ್ಟ್‌ನಲ್ಲಿ ರುವಾಂಡಾ ಸರ್ಕಾರದ ಒಪ್ಪಂದ ಬಂತು. ಸದಸ್ಯತ್ವ ಎಲ್ಲವನ್ನೂ ತಡೆಯುವುದಿಲ್ಲ, ಪ್ರಶ್ನೆ ಕೇಳುವ ಸಭೆಯನ್ನಾದರೂ ಉಳಿಸುತ್ತದೆ.

ಇದನ್ನು ಕನ್ನಡದಲ್ಲಿ ಈಗ ಬರೆಯಲು ಕಾರಣವಿದೆ. ಮ್ಯಾಂಚೆಸ್ಟರ್ ಸಿಟಿಯ ಒಡೆತನದ ಸಿಟಿ ಫುಟ್‌ಬಾಲ್ ಗ್ರೂಪ್ 2019ರಲ್ಲಿ ಮುಂಬೈ ಸಿಟಿ ಎಫ್‌ಸಿಯ ಶೇ 65ರಷ್ಟು ಪಾಲು ಕೊಂಡಿತು. ನಮ್ಮ ಇಂಡಿಯನ್ ಸೂಪರ್ ಲೀಗಿನ (ಐಎಸ್‌ಎಲ್) ವಾಣಿಜ್ಯ ಒಪ್ಪಂದ ನವೀಕರಣವಾಗದೆ ಲೀಗ್ ಅತಂತ್ರವಾದಾಗ, 2025ರ ಡಿಸೆಂಬರ್‌ನಲ್ಲಿ ಹೊರನಡೆಯಿತು. ವಿದೇಶಿ ಗುಂಪಿಗೆ ಹೋಗಲು ಬಾಗಿಲಿದೆ, ಊರಿನ ಕ್ಲಬ್ಬಿಗಿಲ್ಲ. ಅದೇ ಅನಿಶ್ಚಿತತೆಯಲ್ಲಿ ಬೆಂಗಳೂರು ಎಫ್‌ಸಿ 2025ರ ಆಗಸ್ಟ್‌ನಲ್ಲಿ ಮೊದಲ ತಂಡದ ಸಂಬಳ ನಿಲ್ಲಿಸುವುದಾಗಿ ಪ್ರಕಟಿಸಿತು. ಅದರ ಒಡೆತನ ಜೆಎಸ್‌ಡಬ್ಲ್ಯು ಎಂಬ ಭಾರತದ ಸಮೂಹದ್ದೇ. ನಮ್ಮ ಕ್ಲಬ್ಬುಗಳು ಹೀಗೆ ಸೊರಗಿದಾಗಲೇ ‘ಯಾರ ದುಡ್ಡಾದರೂ ಸರಿ’ ಎಂಬ ಮನಸ್ಸು ಹುಟ್ಟುವುದು. ನ್ಯೂಕಾಸಲ್ ಜನ ಆ್ಯಶ್ಲಿ ಕಾಲದಲ್ಲಿ ಇದೇ ಮನಸ್ಸಿಗೆ ಬಂದಿದ್ದರು. ಮೂವತ್ತು–ನಲವತ್ತರ ಸೈಟು ಕೊಳ್ಳುವಾಗಲೂ ಹದಿನೈದು ವರ್ಷದ ಇ.ಸಿ. ತೆಗೆಸಿ ನೋಡುವವರು ನಾವು. ಕ್ಲಬ್ ಮಾರುವಾಗ ಅಷ್ಟಾದರೂ ನೋಡಬೇಡವೇ?

ಆದ್ದರಿಂದ ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್‌ನ ಕ್ಲಬ್ ಪರವಾನಗಿ ನಿಯಮಗಳಿಗೆ ಕೆಲವನ್ನು ಸೇರಿಸಬೇಕೆಂದು ನಿಮ್ಮ ಪತ್ರಿಕೆ ಒತ್ತಾಯಿಸಲಿ. ಶೇ 10ಕ್ಕಿಂತ ಹೆಚ್ಚು ಪಾಲಿರುವ ಪ್ರತಿಯೊಬ್ಬರ ಹೆಸರು, ಕೊನೆಯ ವ್ಯಕ್ತಿಯವರೆಗೆ, ಫೆಡರೇಷನ್ನಿನ ಜಾಲತಾಣದಲ್ಲಿ ಇರಬೇಕು. ಮಾಲೀಕರ ಹಣ ಸಾಲವಾಗಿ ಬಂತೋ ಬಂಡವಾಳವಾಗಿ ಬಂತೋ ಎಂದು ವರ್ಷಕ್ಕೊಮ್ಮೆ ಪ್ರಕಟಿಸಬೇಕು. ಹೊರನಡೆಯುವ ಮಾಲೀಕ ಒಂದು ಸೀಸನ್ನಿನ ಸಂಬಳದಷ್ಟು ಹಣವನ್ನು ಬ್ಯಾಂಕ್ ಖಾತರಿಯಾಗಿ ಮೊದಲೇ ಇಟ್ಟಿರಬೇಕು. ಯಾವುದೇ ಸರ್ಕಾರದ ಸಚಿವರು, ಸರ್ಕಾರಿ ನಿಧಿಯ ಮುಖ್ಯಸ್ಥರು ಕ್ಲಬ್ಬಿನ ನಿರ್ದೇಶಕರಾಗಬಾರದು, ನಮ್ಮ ಸರ್ಕಾರದವರೂ ಸೇರಿ. ಮಾರಾಟದ ವೇಳೆ ಕೊಟ್ಟ ಪ್ರತಿ ಭರವಸೆಯ ಪೂರ್ಣ ಪಠ್ಯ ಸಾರ್ವಜನಿಕವಾಗಬೇಕು. ನಿಮ್ಮ ಕ್ರೀಡಾ ಪುಟಕ್ಕೂ ಒಂದು ಕೋರಿಕೆ: ಮುಂದಿನ ಸಲ ಕ್ಲಬ್ ಮಾರಾಟದ ಸುದ್ದಿ ಹಾಕುವಾಗ ಬೆಲೆಯ ಪಕ್ಕದಲ್ಲೇ ಹಣದ ಮೂಲ, ಕೊನೆಯ ಮಾತು ಯಾರದು ಎಂಬುದು, ಕ್ಲಬ್ಬಿನ ತಲೆಗೆ ಬಿದ್ದ ಸಾಲ, ಇಷ್ಟನ್ನು ಎರಡು ಸಾಲಿನಲ್ಲಾದರೂ ಕೊಡಿ.

ಇಂತಿ ತಮ್ಮ ವಿಶ್ವಾಸಿ,
ಓದುಗ
ಆಸ್ಟಿನ್ ಟೌನ್, ಬೆಂಗಳೂರು